ಹಳೆ ಕಾರಿನ ಬ್ರೇಕು: ಯಾವ ಭಾಗಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ನಮ್ಮ ಕಾಸರಗೋಡು ಕಡೆಯ ಅಡ್ಕಸ್ಥಳದಿಂದ ಪೆರ್ಲಕ್ಕೆ ಬರುವಾಗ ನಮ್ಮ ಕಾರು ಎಡಕ್ಕೆ ಎಳೆಯತೊಡಗಿತು. ಬ್ರೇಕ್ ಒತ್ತಿದಾಗ ನೇರವಾಗಿಯೇ ನಿಲ್ಲುತ್ತಿತ್ತು. ಒತ್ತಿ ಬಿಟ್ಟ ಮೇಲೆ ಎಳೆತ. ತಿರುವು ಕಳೆದು ಆಕ್ಸಿಲರೇಟರ್ ಕೊಟ್ಟರೆ ಹಿಂದಿನಿಂದ ಯಾರೋ ಹಿಡಿದುಕೊಂಡ ಹಾಗೆ ಭಾರ. ಬದಿಯಡ್ಕ ತಲುಪುವಾಗ ಎಡ ಮುಂಚಕ್ರದ ಕಡೆಯಿಂದ ಸುಟ್ಟ ವಾಸನೆ ಬರುತ್ತಿತ್ತು. ಮನೆಯಂಗಳದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಜಾಕಿ ಕೊಟ್ಟು ತಿರುಗಿಸಿದರೆ ಅದೇ ಚಕ್ರ ಏನೂ ಆಗಿಲ್ಲವೆಂಬಂತೆ ಹಗುರವಾಗಿ ತಿರುಗಿತು.

ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ದೋಷ ಎಲ್ಲಿದೆ ಎನ್ನುವುದು ಅದರಲ್ಲೇ ಇತ್ತು. ನಾನು ಆಗ ಅದನ್ನು ಗಮನಿಸಲಿಲ್ಲ.

ಕಾರು ಕೆಎಲ್ 14 ನೋಂದಣಿಯದು, ಸಣ್ಣದು, ಮುಂದೆ ಡಿಸ್ಕ್ (ಎರಡು ಬದಿಯಿಂದ ಪ್ಯಾಡುಗಳು ಒತ್ತುವ ತಟ್ಟೆ), ಹಿಂದೆ ಡ್ರಮ್ (ಒಳಗಿನಿಂದ ಶೂಗಳು ಒತ್ತುವ ಮುಚ್ಚಿದ ಡಬ್ಬ). 15 ವರ್ಷ ತುಂಬಿ, ಮರುನೋಂದಣಿಯಾಗಿ ಇನ್ನು 5 ವರ್ಷಕ್ಕೆ ಆರ್‌ಸಿ ಸಿಕ್ಕಿದೆ. ಆರ್‌ಟಿಒದಲ್ಲಿ ಬ್ರೇಕ್ ಹಿಡಿಯುತ್ತದೆಯೇ ಎಂದು ನೋಡುತ್ತಾರೆ. ಡ್ರಮ್ ಬಿಚ್ಚಿ ಒಳಗಿನ ರಬ್ಬರ್ ಹೇಗಿದೆ ಎಂದು ನೋಡುವುದು ಅವರ ಕೆಲಸವಲ್ಲ, ನಮ್ಮದು. ಅಮ್ಮನನ್ನು ತಿಂಗಳಿಗೆ ಎರಡು ಸಲ ಮಂಗಳೂರಿನ ಆಸ್ಪತ್ರೆಗೆ ಇದೇ ಕಾರಿನಲ್ಲಿ ಕರೆದೊಯ್ಯುತ್ತೇನೆ. ಹಾಗಾಗಿ "ಇಷ್ಟು ದಿನ ಓಡಿದೆಯಲ್ಲ, ಇನ್ನೂ ಓಡುತ್ತದೆ" ಎನ್ನುವ ಲೆಕ್ಕ ನನಗೆ ಸಾಲುವುದಿಲ್ಲ.

ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ತೋರಿಸಿದೆ. ಚಕ್ರ ಬಿಸಿಯಾಗುತ್ತದೆ ಅಂದ ಕೂಡಲೇ "ಕ್ಯಾಲಿಪರ್ ಜಾಮ್" ಅಂದರು, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಆ ಭಾಗವನ್ನೇ ಹೊಸದಾಗಿ ಹಾಕಿದರು. ಎರಡು ದಿನ ಸರಿಯಿದ್ದಂತೆ ಕಂಡಿತು. ಮೂರನೆಯ ದಿನ ನೀರ್ಚಾಲಿನ ಹತ್ತಿರ ಮತ್ತೆ ಅದೇ ವಾಸನೆ. ಬಿಚ್ಚಿ ಕೊಟ್ಟಿದ್ದ ಹಳೆ ಕ್ಯಾಲಿಪರ್ ಮನೆಯಲ್ಲೇ ಇತ್ತು. ಅದರ ಪಿಸ್ಟನ್ನನ್ನು ಜಿ-ಕ್ಲಾಂಪಿನಲ್ಲಿ ಒತ್ತಿ ನೋಡಿದೆ. ಸಲೀಸಾಗಿ ಒಳಗೆ ಹೋಯಿತು. ಆರೋಗ್ಯವಾಗಿದ್ದ ಭಾಗವನ್ನು ಬಿಚ್ಚಿ ಹಾಕಿದ್ದೆವು, ರೋಗ ಕಾರಿನಲ್ಲೇ ಉಳಿದಿತ್ತು.

ಮೊದಲು ಪೆಡಲ್ ಏನು ಹೇಳುತ್ತದೆ ಕೇಳಿ

ಸ್ಪಾನರ್ ಹಿಡಿಯುವ ಮೊದಲು ಸೀಟಿನಲ್ಲಿ ಕುಳಿತೇ ಅರ್ಧ ವಿಷಯ ತಿಳಿಯಬಹುದು.

ಪೆಡಲ್ ತುಂಬ ಕೆಳಗೆ ಹೋಗಿ, ಎರಡು ಮೂರು ಸಲ ಒತ್ತಿದಾಗ ಮೇಲೆ ಬಂದರೆ ಒಂದೋ ಬ್ರೇಕ್ ಆಯಿಲಿನೊಳಗೆ ಏರ್ (ಗಾಳಿ) ಸೇರಿದೆ, ಇಲ್ಲವೇ ಹಿಂದಿನ ಡ್ರಮ್ಮಿನ ಶೂ ಸವೆದು ಅಂತರ ಹೆಚ್ಚಾಗಿದೆ. ಹ್ಯಾಂಡ್ ಬ್ರೇಕ್ ಕೂಡ ತುಂಬ ಮೇಲೆ ಬರುತ್ತಿದ್ದರೆ ಎರಡನೆಯದೇ ಇರಬಹುದು. ಆ ಅಂತರವನ್ನು ಸರಿಪಡಿಸಬೇಕಾದ, ಡ್ರಮ್ಮಿನೊಳಗಿನ ಅಡ್ಜಸ್ಟರ್ ತುಕ್ಕು ಹಿಡಿದು ತಿರುಗದೆ ಕೂತಿರುತ್ತದೆ. ಒತ್ತಿದರೆ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಏರ್. ಎಂಜಿನ್ ಓಡುತ್ತಿರುವಾಗ ಒಂದೇ ಸಮನೆ ಒತ್ತಿ ಹಿಡಿದರೆ ಪೆಡಲ್ ನಿಧಾನಕ್ಕೆ ನೆಲ ಮುಟ್ಟುತ್ತದೆ, ಹೊರಗೆಲ್ಲೂ ಸೋರಿಕೆ ಇಲ್ಲ ಅಂದರೆ ಪೆಡಲಿನ ಬಲವನ್ನು ಆಯಿಲಿನ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರಿನ ಬಕೆಟ್ (ಒಳಗಿನ ರಬ್ಬರ್ ಸೀಲು) ಹೋಗಿದೆ. ಆಯಿಲ್ ಕಡಿಮೆಯಾಗುತ್ತಿದೆ, ಆದರೆ ನಾಲ್ಕೂ ಚಕ್ರ ಒಣಗಿವೆ, ಪೈಪಿನಲ್ಲೂ ಸೋರಿಕೆ ಇಲ್ಲ ಅಂತಾದರೆ ಮಾಸ್ಟರ್ ಸಿಲಿಂಡರಿನ ಹಿಂಬದಿಯಿಂದ, ಪೆಡಲಿನ ಬಲ ಹೆಚ್ಚಿಸುವ ಬೂಸ್ಟರಿನೊಳಕ್ಕೆ ಇಳಿಯುತ್ತಿದೆಯೇ ನೋಡಬೇಕು.

ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾದರೆ ಬೂಸ್ಟರ್ ಪರೀಕ್ಷಿಸಿ. ಎಂಜಿನ್ ಆಫ್ ಮಾಡಿ, ನಾಲ್ಕೈದು ಸಲ ಪೆಡಲ್ ಒತ್ತಿ, ಐದನೆಯ ಸಲ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಪಾದದಡಿ ಸ್ವಲ್ಪ ತಗ್ಗಬೇಕು. ತಗ್ಗದಿದ್ದರೆ ಬೂಸ್ಟರ್, ಅದರ ವ್ಯಾಕ್ಯೂಮ್ ಪೈಪ್, ಅಥವಾ ಪೈಪಿನಲ್ಲಿರುವ ವಾಲ್ವು ಕೆಟ್ಟಿದೆ.

ಇನ್ನು ಎಳೆತ. ಇದರಲ್ಲಿ ತುಂಬ ಜನ ತಪ್ಪುತ್ತಾರೆ. ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಎಳೆದರೆ ಎಡಗಡೆಯದ್ದನ್ನು ಬಿಚ್ಚಲು ಹೊರಡುತ್ತೇವೆ. ಅಲ್ಲಿ ಬ್ರೇಕ್ ಸರಿಯಾಗಿಯೇ ಹಿಡಿಯುತ್ತಿರಬಹುದು, ಬಲಗಡೆಯದ್ದು ಹಿಡಿಯದೆ ಇರಬಹುದು. ಆದ್ದರಿಂದ ಒತ್ತಿದಾಗ ಎಳೆತವಾದರೆ ಎದುರು ಬದಿಯನ್ನು ಮೊದಲು ನೋಡಿ. ಒತ್ತಿ ಬಿಟ್ಟ ಮೇಲೆ ಎಳೆತವಾದರೆ, ನಮ್ಮದಕ್ಕೆ ಆದ ಹಾಗೆ, ಎಳೆಯುವ ಬದಿಯ ಬ್ರೇಕು ಬಿಡುತ್ತಿಲ್ಲ ಎಂದರ್ಥ.

ಯಾವ ಚಕ್ರ ಎಂದು ಖಚಿತ ಮಾಡಲು ಐದಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಅಂಗೈಯ ಹಿಂಬದಿಯನ್ನು ಪ್ರತಿ ಚಕ್ರದ ಹತ್ತಿರ ಹಿಡಿದು ಹೋಲಿಸಿ. ಮುಟ್ಟಬೇಡಿ, ಚರ್ಮ ಸುಲಿದು ಬರುವಷ್ಟು ಬಿಸಿ ಇರುತ್ತದೆ. ಮುಂದಿನ ಎರಡನ್ನು ಒಂದಕ್ಕೊಂದು ಹೋಲಿಸಿ, ಹಿಂದಿನ ಎರಡನ್ನು ಬೇರೆಯಾಗಿ ಹೋಲಿಸಿ. ಮುಂದಿನವು ಯಾವಾಗಲೂ ಹೆಚ್ಚು ಬಿಸಿಯೇ. ಕೊರೋನಾ ಕಾಲದಲ್ಲಿ ಕೊಂಡ ಹಣೆಯ ಥರ್ಮಾಮೀಟರ್ ಈ ಕೆಲಸಕ್ಕೆ ಆಗದು, ಅದು ಜ್ವರದ ಬಿಸಿಯನ್ನಷ್ಟೇ ಅಳೆಯುತ್ತದೆ.

ಚಕ್ರ ಬಿಡದಿದ್ದರೆ ಮಾಡುವ ಪರೀಕ್ಷೆ

ಕ್ಯಾಲಿಪರಿಗೆ ದುಡ್ಡು ಹಾಕುವ ಮೊದಲು ಮಾಡಬೇಕಾಗಿದ್ದ ಪರೀಕ್ಷೆ ಇದು. ಆಮೇಲೆ ಮುಳ್ಳೇರಿಯದ ಕಡೆಯ ಹಳಬ ಮೆಕ್ಯಾನಿಕ್ ಒಬ್ಬರು ನನ್ನಿಂದಲೇ ಮಾಡಿಸಿದರು.

"ಮಾಷ್ಟ್ರೇ, ಬಿಸಿ ಇರುವಾಗಲೇ ನೋಡ್ಬೇಕು. ತಣ್ಣಗಾದ ಮೇಲೆ ನೋಡಿದ್ರೆ ಎಂತ ಸಿಕ್ತದೆ?" ಅಂದರು ಅವರು.

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹಿಂಚಕ್ರಗಳಿಗೆ ಅಡೆ ಕೊಟ್ಟು, ಮುಂದೆ ಜಾಕಿಯಲ್ಲಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ನಮ್ಮೂರಿನಲ್ಲಿ ಕೈಗೆ ಸಿಗುವುದು ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು). ಅದನ್ನು ಚಕ್ರಕ್ಕೆ ಅಡೆಯಾಗಿ ಇಡಬಹುದು, ಕಾರಿನ ಭಾರ ಹೊರಲು ಖಂಡಿತ ಇಡಬೇಡಿ. ಒಂದೇ ಕಡೆ ಭಾರ ಬಿದ್ದರೆ ಅದು ಎಚ್ಚರಿಕೆ ಕೊಡದೆ ಒಡೆದು ಪುಡಿಯಾಗುತ್ತದೆ.

ಒಬ್ಬರು ಪೆಡಲನ್ನು ಗಟ್ಟಿಯಾಗಿ ಒತ್ತಿ ಬಿಡಲಿ. ಚಕ್ರವನ್ನು ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲನ್ನು (ಏರ್ ತೆಗೆಯಲು ಇರುವ ಸಣ್ಣ ತಿರುಪು) ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು ಎಂದಾಯಿತು, ಕ್ಯಾಲಿಪರಿನ ತಪ್ಪಲ್ಲ. ನಿಪ್ಪಲ್ ತೆರೆದರೂ ಚಕ್ರ ಬಿಗಿಯಾಗಿಯೇ ಇದ್ದರೆ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರಲು ಇರುವ ಸ್ಲೈಡ್ ಪಿನ್ ಹಿಡಿದುಕೊಂಡಿದೆ. ಒಳಗಿನ ಪ್ಯಾಡ್ ಒಂದು ದಪ್ಪ, ಹೊರಗಿನದ್ದು ಇನ್ನೊಂದು ದಪ್ಪ ಸವೆದಿದ್ದರೆ ಆ ಪಿನ್ನುಗಳ ಮೇಲೆ ಗುಮಾನಿ ಪಡಬಹುದು.

ನಮ್ಮದರಲ್ಲಿ ಆಯಿಲ್ ಚಿಮ್ಮಿತು, ಚಕ್ರ ಬಿಟ್ಟಿತು. ಹಾಗಾದರೆ ಒತ್ತಡವನ್ನು ಹಿಡಿದಿಟ್ಟದ್ದು ಯಾವುದು? ನಿಪ್ಪಲ್ ಬಿಗಿದು, ಮತ್ತೊಮ್ಮೆ ಪೆಡಲ್ ಒತ್ತಿಸಿ ಬಿಡಿಸಿದೆವು. ಈ ಸಲ ನಿಪ್ಪಲ್ ಮುಟ್ಟಲಿಲ್ಲ, ಬಾಡಿಯ ಬದಿಯಲ್ಲಿ ಉಕ್ಕಿನ ಪೈಪು ರಬ್ಬರ್ ಹೋಸಿಗೆ ಸೇರುವ ನಟ್ಟನ್ನು ಸಡಿಲಿಸಿದೆವು. ಆಗ ಚಕ್ರ ಬಿಟ್ಟಿದ್ದರೆ ತಡೆ ಮೇಲೆ, ಮಾಸ್ಟರ್ ಸಿಲಿಂಡರಿನ ಕಡೆ ಇದೆ ಎಂದಾಗುತ್ತಿತ್ತು. ಬಿಡಲಿಲ್ಲ. ಮೇಲಿನ ಪೈಪು ಖಾಲಿ, ಕೆಳಗೆ ಒತ್ತಡ. ನಡುವೆ ಇರುವುದು ಒಂದೇ, ಒಂದು ಗೇಣಿಗಿಂತ ಸ್ವಲ್ಪ ಉದ್ದದ ರಬ್ಬರ್ ಹೋಸು. ಹೊರಗಿನಿಂದ ನೋಡಿದರೆ ಅದರಲ್ಲಿ ಒಂದು ಬಿರುಕೂ ಇರಲಿಲ್ಲ.

ಪೆಡಲ್ ಒತ್ತುವಾಗ ಕಾಲಿನ ಬಲವಿರುತ್ತದೆ, ಸಂದು ಸಣ್ಣದಾದರೂ ಆಯಿಲ್ ನುಗ್ಗುತ್ತದೆ. ಹಿಂದೆ ಬರುವಾಗ ಅಷ್ಟು ಬಲವಿಲ್ಲ. ಸಣ್ಣ ಸಂದಿನಿಂದ ಜಿನುಗಿ ಜಿನುಗಿ ಬರಬೇಕು. ಅದಕ್ಕೇ ಮೊದಲ ದಿನ ಅಂಗಳದಲ್ಲಿ ನಿಂತ ಚಕ್ರ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಹಗುರವಾಗಿತ್ತು. ಜಾಮ್ ಆದ ಪಿಸ್ಟನ್ ಹಾಗೆ ಕಾದು ಬಿಡುವುದು ಅಪರೂಪ.

ತೆಗೆದ ಹೋಸನ್ನು ಮನೆಗೆ ತಂದು ಹ್ಯಾಕ್ಸಾದಲ್ಲಿ ಉದ್ದಕ್ಕೆ ಸೀಳಿದೆ. ನಡುವೆ ಅದನ್ನು ಹಿಡಿದಿಡುವ ಕಬ್ಬಿಣದ ಪಟ್ಟಿಯ ಕೆಳಗೆ ತುಕ್ಕು ಪದರ ಪದರವಾಗಿ ಬೆಳೆದಿತ್ತು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹೊರಗೆ ಹೋಗಲು ಜಾಗವಿಲ್ಲದೆ ಒಳಕ್ಕೆ ಒತ್ತಿ ರಬ್ಬರಿನ ಕತ್ತು ಹಿಚುಕಿತ್ತು. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಗಾಳಿಯ ಉಪ್ಪು, ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿದ ಮಳೆ, ಚಕ್ರದ ಗೂಡಿನಲ್ಲಿ ಮೆತ್ತಿ ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುವ ಕೆಂಪು ಮಣ್ಣು, ಈ ಮೂರೂ ಸೇರಿದ ಊರಿನಲ್ಲಿ ಕಾರಿನ ಅಡಿಭಾಗ ಒಣನಾಡಿನ ಕಾರಿನಂತೆ ಬಾಳುವುದಿಲ್ಲ.

ಉಳಿದ ಮೂರನ್ನು ಏನು ಮಾಡುವುದು?

ಒಂದು ಹೋಸ್ ಬದಲಾಯಿತು. ಬಲ ಮುಂದಿನದ್ದು? ಹಿಂದಿನ ಎರಡು? ಪೈಪುಗಳು? ಡ್ರಮ್ಮಿನೊಳಗೆ ಶೂಗಳನ್ನು ದೂಡುವ ವೀಲ್ ಸಿಲಿಂಡರ್? ಮಾಸ್ಟರ್ ಸಿಲಿಂಡರ್? ಭಾವನವರನ್ನು ಕೇಳಿದರೆ "ಎಲ್ಲಾ ಒಟ್ಟಿಗೆ ಹಾಕಿ ಬಿಡಿ, ಜೀವಕ್ಕಿಂತ ದೊಡ್ಡದಾ?" ಅಂದರು. ಮೆಕ್ಯಾನಿಕ್ ಮಾತ್ರ "ಸರಿ ಇದ್ದದ್ದನ್ನು ಮುಟ್ಟಿದ್ರೆ ಸರಿ ಇಲ್ಲದ್ದು ಆಗ್ತದೆ" ಅಂದರು. ಎರಡರಲ್ಲೂ ಸತ್ಯವಿದೆ. ಹಾಗಾಗಿ ನಾನು ಕಿಲೋಮೀಟರ್ ಲೆಕ್ಕ ಬಿಟ್ಟು ಪ್ರತಿ ಭಾಗಕ್ಕೂ ಒಂದೇ ಪ್ರಶ್ನೆ ಹಾಕಿದೆ: ಇದು ಹೇಳಿ ಕೆಡುತ್ತದೆಯೋ, ಹೇಳದೆ ಕೆಡುತ್ತದೆಯೋ?

ಪ್ಯಾಡ್ ಹೇಳಿ ಕೆಡುತ್ತದೆ. ಹೊಸದರಲ್ಲಿ ಉಜ್ಜುವ ಪದರ 10 ಮಿಲಿಮೀಟರ್ ಆಸುಪಾಸು ಇರುತ್ತದೆ. 3 ಮಿಲಿಮೀಟರಿಗೆ ಇಳಿದಾಗ ಬದಲಿಸಿದರೆ ಸಾಕು. ಹಲವು ಪ್ಯಾಡುಗಳಲ್ಲಿ ಸವೆದಾಗ ಡಿಸ್ಕಿಗೆ ತಾಗಿ ಕೀರಲು ಸದ್ದು ಮಾಡುವ ತಗಡಿನ ನಾಲಗೆಯೂ ಇರುತ್ತದೆ. ಡಿಸ್ಕಿನ ಮೇಲೆ ಅದರ ಕನಿಷ್ಠ ದಪ್ಪ, ಡ್ರಮ್ಮಿನ ಮೇಲೆ ಗರಿಷ್ಠ ವ್ಯಾಸ ಸಾಮಾನ್ಯವಾಗಿ ಕೊರೆದೇ ಇರುತ್ತದೆ. ಅಳೆಯಿರಿ, ಉಳಿದಿದ್ದರೆ ಬಿಡಿ. ಮಳೆಗಾಲದಲ್ಲಿ ಬೆಳಗ್ಗೆ ಡಿಸ್ಕಿನ ಮೇಲೆ ಕಾಣುವ ತೆಳು ಕೆಂಪು ತುಕ್ಕಿಗೆ ಹೆದರಬೇಡಿ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.

ಮಾಸ್ಟರ್ ಸಿಲಿಂಡರ್ ಕೂಡ ಹೆಚ್ಚಾಗಿ ಹೇಳುತ್ತದೆ. ಪೆಡಲ್ ಇಳಿಯುವುದು ಒಂದೇ ದಿನದಲ್ಲಿ ಆಗುವುದಲ್ಲ. ತಿಂಗಳಿಗೊಮ್ಮೆ ಅರ್ಧ ನಿಮಿಷ ಒತ್ತಿ ಹಿಡಿದು ನೋಡುವ ಅಭ್ಯಾಸವಿದ್ದರೆ ಮೊದಲೇ ಗೊತ್ತಾಗುತ್ತದೆ. ನಮ್ಮದು ಗಟ್ಟಿಯಾಗಿ ನಿಂತಿತ್ತು, ಹಿಂಬದಿ ಒಣಗಿತ್ತು. ಮುಟ್ಟಲಿಲ್ಲ.

ವೀಲ್ ಸಿಲಿಂಡರ್ ಹೇಳುತ್ತದೆ, ಆದರೆ ಮುಚ್ಚಿದ ಡ್ರಮ್ಮಿನೊಳಗೆ ಹೇಳುತ್ತದೆ. ಬಿಚ್ಚಿದವರಿಗೆ ಮಾತ್ರ ಕೇಳಿಸುವುದು. ಡ್ರಮ್ ತೆಗೆದು, ಸಿಲಿಂಡರಿನ ತುದಿಯ ರಬ್ಬರ್ ಟೋಪಿಯನ್ನು ಸ್ಕ್ರೂಡ್ರೈವರಿನಿಂದ ಮೆಲ್ಲ ಎತ್ತಿ ನೋಡಿ. ಸ್ವಲ್ಪ ಪಸೆ ಇದ್ದರೆ ಪರವಾಗಿಲ್ಲ. ಹನಿ ಉದುರಿದರೆ ಅದರ ಕಾಲ ಮುಗಿಯಿತು. ನಮ್ಮ ಬಲ ಹಿಂದಿನದರಲ್ಲಿ ಹನಿ ಉದುರಿತು, ಎಡದ್ದು ಒಣಗಿತ್ತು. ಎರಡನ್ನೂ ಬದಲಿಸಿದೆ. ಎರಡೂ ಒಂದೇ ದಿನ ಕಾರಿಗೆ ಸೇರಿದ್ದು, ಒಂದೇ ಆಯಿಲ್ ಕುಡಿದದ್ದು, ಒಂದೇ ಮಳೆಯಲ್ಲಿ ನೆನೆದದ್ದು. ಒಂದು ಸೋತ ಮೇಲೆ ಇನ್ನೊಂದನ್ನು ನಂಬಲು ನನಗೆ ಕಾರಣ ಕಾಣಲಿಲ್ಲ. ಆಯಿಲ್ ತಾಗಿದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ಲೈನಿಂಗ್ ಒಳಗೆ ಹೀರಿದ್ದು ತೊಳೆದರೆ ಹೋಗದು, ಬಿಸಿಯಾದಾಗ ಮತ್ತೆ ಹೊರಬರುತ್ತದೆ. ಶೂ ಬದಲಿಸುವಾಗ ಎರಡೂ ಚಕ್ರದ್ದು ಒಟ್ಟಿಗೆ ಬದಲಿಸಬೇಕು. ಬರೀ ಕಿಟ್ (ಒಳಗಿನ ರಬ್ಬರುಗಳು) ಹಾಕುವುದಾದರೆ ಬೋರಿನ (ಸಿಲಿಂಡರಿನ ರಂಧ್ರದ) ಒಳಗೆ ಉಗುರು ಆಡಿಸಿ ನೋಡಿ. ಗುಳಿ ಸಿಕ್ಕಿದರೆ ಹೊಸ ರಬ್ಬರ್ ಕೂಡ ಕೆಲವೇ ತಿಂಗಳು. ಇಡೀ ಸಿಲಿಂಡರನ್ನೇ ಹಾಕಿ. ಅಲ್ಯೂಮಿನಿಯಂ ಬೋರನ್ನು ಎಮರಿ ಕಾಗದದಲ್ಲಿ ಉಜ್ಜಿ ನಯ ಮಾಡಲು ಹೋಗಬೇಡಿ, ಅದರ ಮೇಲಿನ ಗಟ್ಟಿ ಪದರ ಹೋದರೆ ಬೇಗನೆ ತಿನ್ನಿಸಿಕೊಳ್ಳುತ್ತದೆ.

ಈಗ ಹೇಳದೆ ಕೆಡುವವು: ಹೋಸು, ಉಕ್ಕಿನ ಪೈಪು, ಆಯಿಲ್. ಇವಕ್ಕೆ ಕಾಯಬಾರದು ಎನ್ನುವುದೇ ನನ್ನ ತೀರ್ಮಾನ. ಹೋಸನ್ನು ಹೊರಗೆ ಬಗ್ಗಿಸಿ ನೋಡಿದರೆ ಬಿರುಕು, ಉಬ್ಬು ಕಾಣಬಹುದು. ಕಂಡರೆ ಆ ದಿನವೇ ಬದಲಿಸಬೇಕು. ಕಾಣದಿದ್ದರೆ ಚೆನ್ನಾಗಿದೆ ಎಂದೇನೂ ಅಲ್ಲ, ಸೀಳಿದ ನನ್ನ ಹೋಸೇ ಸಾಕ್ಷಿ. ನಮ್ಮ ಕಡಲ ಬದಿಯಲ್ಲಿ 10 ವರ್ಷ ದಾಟಿದ ಹೋಸುಗಳನ್ನು ನೋಡಲು ಹೇಗಿದ್ದರೂ ನಾಲ್ಕೂ ಬದಲಿಸುವುದು ನ್ಯಾಯ. ಇಡೀ ಬ್ರೇಕಿನಲ್ಲಿ ಅತಿ ಕಡಿಮೆ ಬೆಲೆಯ ಭಾಗಗಳಲ್ಲಿ ಅವೂ ಸೇರಿವೆ.

ಪೈಪಿನದ್ದು ಇನ್ನೂ ಗಂಭೀರ. ಟೈರಿನಲ್ಲಿ ಸುಮಾರು 30 ಪಿಎಸ್‌ಐ ಗಾಳಿ ಇರುತ್ತದೆ. ಮುಂದೆ ದನ ಅಡ್ಡ ಬಂದು ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಈ ಸಪೂರ ಪೈಪಿನೊಳಗೆ ಒತ್ತಡ 1,000 ಪಿಎಸ್‌ಐ ದಾಟುತ್ತದೆ. ಅಂದರೆ ತುಕ್ಕು ತಿಂದು ತೆಳುವಾದ ಪೈಪು ಒಡೆಯುವುದು ದಿನನಿತ್ಯದ ಮೆಲುವಾದ ಬ್ರೇಕಿನಲ್ಲಿ ಅಲ್ಲ, ಬ್ರೇಕು ಅತ್ಯಂತ ಬೇಕಾದ ಆ ಒಂದು ಕ್ಷಣದಲ್ಲಿ. ಈಗಿನ ಕಾರುಗಳಲ್ಲಿ ಎರಡು ಸರ್ಕ್ಯೂಟ್ (ಬೇರೆ ಬೇರೆ ಆಯಿಲ್ ದಾರಿ) ಇರುವುದರಿಂದ ಪೂರ್ತಿ ಬ್ರೇಕ್ ಹೋಗುವುದಿಲ್ಲ. ಮುಂದಿನ ಒಂದು, ಕರ್ಣದ ಎದುರಿನ ಹಿಂದಿನ ಒಂದು ಉಳಿಯುವುದು ಸಣ್ಣ ಕಾರುಗಳಲ್ಲಿ ಸಾಮಾನ್ಯ ಏರ್ಪಾಡು. ಆದರೆ ಪೆಡಲ್ ಒಮ್ಮೆಲೇ ಕೆಳಗೆ ಹೋಗುತ್ತದೆ, ನಿಲ್ಲಲು ಬೇಕಾಗುವ ದೂರ ತುಂಬ ಹೆಚ್ಚುತ್ತದೆ. ಒದ್ದೆ ರಸ್ತೆಯಲ್ಲಿ ಇದನ್ನು ಊಹಿಸಿಕೊಳ್ಳಲೂ ನನಗೆ ಇಷ್ಟವಿಲ್ಲ.

ಪೈಪು ಕಾಣುವ ಜಾಗದಲ್ಲಿ ಕೆಡುವುದು ಕಡಿಮೆ. ಪ್ಲಾಸ್ಟಿಕ್ ಕ್ಲಿಪ್ಪಿನ ಅಡಿ, ಪೆಟ್ರೋಲ್ ಟ್ಯಾಂಕಿನ ಮೇಲೆ, ಹಿಂದಿನ ಆಕ್ಸಿಲಿನ ಹತ್ತಿರ ಮಣ್ಣು ಕೂರುವಲ್ಲಿ ಕೆಡುತ್ತದೆ. ಮಣ್ಣು ತೊಳೆದು, ಬಟ್ಟೆಯಲ್ಲಿ ಒರೆಸಿ ಬೆರಳಾಡಿಸಿ. ಬಣ್ಣ ಹೋಗಿ ಮೇಲೆ ಮಾತ್ರ ಕೆಂಪಾಗಿದ್ದರೆ ಉಜ್ಜಿ ಪೇಂಟ್ ಹಚ್ಚಿ ಮುಂದಿನ ವರ್ಷ ಮತ್ತೆ ನೋಡಬಹುದು. ಹೊಪ್ಪಳೆ ಏಳುತ್ತಿದ್ದರೆ, ಗುಳಿ ಬಿದ್ದಿದ್ದರೆ ಇಡೀ ಉದ್ದವನ್ನು ಬದಲಿಸಿ. ಕೆಟ್ಟ ತುಂಡನ್ನು ಕತ್ತರಿಸಿ ಏಸಿಗೆ ಹಾಕುವ ತಾಮ್ರದ ಕೊಳವೆ ಜೋಡಿಸಿ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಬರಿ ತಾಮ್ರ ನಡುಗಿ ನಡುಗಿ ಗಡುಸಾಗಿ ಬಿರಿಯುತ್ತದೆ. ಕಂಪೆನಿಯ ಉಕ್ಕಿನ ಪೈಪು, ಇಲ್ಲವೇ ಬ್ರೇಕಿಗಾಗಿಯೇ ಬರುವ ತಾಮ್ರ-ನಿಕಲ್ ಮಿಶ್ರಲೋಹದ ಪೈಪು, ತುದಿಗೆ ಎರಡು ಮಡಿಕೆಯ ಫ್ಲೇರ್ (ಅಗಲಿಸಿದ ಬಾಯಿ). ಇದಕ್ಕೆ ಕಡಿಮೆ ಯಾವುದೂ ಬೇಡ.

ಆಯಿಲ್ ಮತ್ತು ಘಟ್ಟ

ಬ್ರೇಕ್ ಆಯಿಲ್ ಎನ್ನುತ್ತೇವೆ, ಅದು ಎಣ್ಣೆಯೇ ಅಲ್ಲ. ಡಬ್ಬಿಯ ಮೇಲೆ ಬರೆದಿರುವ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗಾಳಿಯಿಂದ ನೀರಿನ ಪಸೆ ಹೀರುವ ಗ್ಲೈಕಾಲ್ ಜಾತಿಯ ದ್ರವಗಳು. ಹೊಸ ಡಾಟ್ 4 ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೂರಕ್ಕೆ ಸುಮಾರು 3.7 ಪಾಲು ನೀರು ಸೇರಿದ ಮೇಲೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ 205 ಇದ್ದದ್ದು 140 ಆಗುತ್ತದೆ. ಕುದಿದರೆ ಆವಿ, ಆವಿಯನ್ನು ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ.

ನಮ್ಮ ಸಪಾಟು ರಸ್ತೆಯಲ್ಲಿ ಇದು ತಿಳಿಯುವುದೇ ಇಲ್ಲ. ಜಾಲ್ಸೂರು ದಾಟಿ ಸುಳ್ಯದ ಮೇಲಾಗಿ ಮಡಿಕೇರಿಗೆ ಹೋದವರಿಗೆ, ಪಾಣತ್ತೂರಿನಿಂದ ಕರಿಕೆಯಾಗಿ ಭಾಗಮಂಡಲಕ್ಕೆ ಹೋದವರಿಗೆ ಹಿಂದೆ ಬರುವಾಗ ತಿಳಿಯುತ್ತದೆ. 1,000 ಕಿಲೋ ತೂಕದ ಕಾರು 1,000 ಮೀಟರ್ ಎತ್ತರ ಇಳಿಯುವಾಗ ಬಿಡುವ ಶಕ್ತಿಯಲ್ಲಿ 30 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಬರಿಸಬಹುದು. ಒಂದು ಪಾಲನ್ನು ಎಂಜಿನ್ ಮತ್ತು ಗಾಳಿ ತೆಗೆದುಕೊಳ್ಳುತ್ತವೆ. ನ್ಯೂಟ್ರಲಿನಲ್ಲಿ ಇಳಿದರೆ ಎಂಜಿನಿನ ಪಾಲೂ ಬ್ರೇಕಿನ ಮೇಲೆಯೇ ಬೀಳುತ್ತದೆ. ಮಡಿಕೇರಿಯಿಂದ ಸುಳ್ಯದ ಕಡೆಗಿಳಿಯುವ ಸಂಪಾಜೆ ಘಟ್ಟವನ್ನು ಎರಡನೆಯ, ಮೂರನೆಯ ಗೇರಿನಲ್ಲೇ ಇಳಿಯಬೇಕು. ಘಟ್ಟದ ಕೆಳಗೆ ಮೆತ್ತಗಾದ ಪೆಡಲ್ ಮರುದಿನ ಬೆಳಗ್ಗೆ ತಾನೇ ಗಟ್ಟಿಯಾದರೆ "ಸರಿಯಾಯಿತು" ಎಂದುಕೊಳ್ಳಬೇಡಿ. ಆಯಿಲ್ ಕುದಿದಿತ್ತು, ತಣಿಯಿತು, ಅಷ್ಟೇ.

ಬಣ್ಣ ನೋಡಿ ನೀರು ಎಷ್ಟಿದೆ ಹೇಳಲಾಗದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಸರಳ ದಾರಿ. ಕಾರು ಓಡದೆ ಶೆಡ್ಡಿನಲ್ಲಿದ್ದರೂ ಇದೇ ಲೆಕ್ಕ, ಪಸೆ ಕಿಲೋಮೀಟರ್ ನೋಡಿ ಬರುವುದಿಲ್ಲ. ಸಣ್ಣ ಡಬ್ಬಿ ಕೊಳ್ಳಿ. ಹೋದ ವರ್ಷ ತೆರೆದಿಟ್ಟು ಉಳಿದದ್ದನ್ನು ಹಾಕಬೇಡಿ. ಡಾಟ್ 5 ಎಂದು ಬರೆದ ಸಿಲಿಕೋನಿನದ್ದನ್ನು ಇವುಗಳ ಜೊತೆ ಬೆರೆಸಬಾರದು. ಎಂಜಿನ್ ಆಯಿಲ್, ಪವರ್ ಸ್ಟಿಯರಿಂಗ್ ಆಯಿಲ್ ತಪ್ಪಿ ಒಂದಿಷ್ಟು ಬಿದ್ದರೂ ಒಳಗಿನ ಎಲ್ಲ ರಬ್ಬರ್ ಊದಿಕೊಳ್ಳುತ್ತದೆ, ಆಮೇಲೆ ಎಲ್ಲವನ್ನೂ ಬದಲಿಸದೆ ವಿಧಿಯಿಲ್ಲ.

ಇನ್ನೊಂದು ಮಾತು. ಬಾನೆಟ್ಟಿನಡಿಯ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ನಿಧಾನಕ್ಕೆ ಇಳಿಯುವುದು ಪ್ಯಾಡ್ ಸವೆಯುತ್ತಿರುವುದರ ಲಕ್ಷಣ. ಸರ್ವಿಸಿಗೆ ಹೋದಾಗಲೆಲ್ಲ ಯಾರಾದರೂ ಮೇಲಿನ ಗೆರೆಗೆ ತುಂಬಿಸಿ ಕೊಟ್ಟರೆ ಆ ಲಕ್ಷಣ ಅಳಿಸಿಹೋಗುತ್ತದೆ. ಮಟ್ಟ ಇಳಿದರೆ ಮೊದಲು ಪ್ಯಾಡ್ ನೋಡಿ, ಆಮೇಲೆ ಸೋರಿಕೆ ಹುಡುಕಿ, ಕೊನೆಗೆ ತುಂಬಿಸಿ. ಕೆಂಪು ದೀಪ ಉರಿದರೆ, ಹ್ಯಾಂಡ್ ಬ್ರೇಕ್ ಇಳಿಸಿಯೂ ಆರದಿದ್ದರೆ, ಅಲ್ಲೇ ನಿಲ್ಲಿಸಿ ನೋಡಬೇಕು.

ಮುಟ್ಟಿದಾಗ ಆದದ್ದು

ಮೆಕ್ಯಾನಿಕ್ ಹೇಳಿದ "ಮುಟ್ಟಿದ್ರೆ" ಎಂಬ ಮಾತು ಹಿಂದಿನ ಎಡ ಹೋಸಿನಲ್ಲಿ ನಿಜವಾಯಿತು. ನಟ್ಟು ಪೈಪಿಗೇ ತುಕ್ಕಿನಿಂದ ಅಂಟಿತ್ತು. ನಟ್ಟು ತಿರುಗಿಸಿದರೆ ಪೈಪೂ ಹಗ್ಗದ ಹಾಗೆ ತಿರುಚಿಕೊಂಡಿತು. ಆ ಪೈಪನ್ನು ಹೊಸದಾಗಿ ಮಾಡಿಸಬೇಕಾಯಿತು, ಕಾರು ಎರಡು ದಿನ ಅಲ್ಲೇ ಉಳಿಯಿತು. ಇದರಿಂದ ಹೋಸ್ ಬದಲಿಸಿದ್ದು ತಪ್ಪು ಎಂದಾಗುವುದಿಲ್ಲ, ಆ ಪೈಪು ಹೇಗೂ ಕೊನೆಗಾಲದಲ್ಲಿತ್ತು. ಆದರೆ ಈ ಕೆಲಸವನ್ನು ಮದುವೆಗೋ ಆಸ್ಪತ್ರೆಗೋ ಹೋಗುವ ಹಿಂದಿನ ದಿನ ಇಟ್ಟುಕೊಳ್ಳಬಾರದು. ಮೂರು ದಿನ ಮೊದಲೇ ಪ್ರತಿ ನಟ್ಟಿಗೆ, ನಿಪ್ಪಲಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಬಾಯಿ ತೆರೆದ ಸಾದಾ ಸ್ಪಾನರ್ ಮೂಲೆ ತಿನ್ನುತ್ತದೆ, ನಟ್ಟನ್ನು ಸುತ್ತಲೂ ಹಿಡಿಯುವ ಬ್ರೇಕ್ ಪೈಪ್ ಸ್ಪಾನರ್ ಬೇಕು.

ಏರ್ ತೆಗೆಯುವಾಗ ಇನ್ನೊಂದು ಅಪಾಯವಿದೆ. ದಿನನಿತ್ಯ ಪೆಡಲ್ ಅರ್ಧ ದೂರ ಮಾತ್ರ ಹೋಗುತ್ತದೆ. ಮಾಸ್ಟರ್ ಸಿಲಿಂಡರಿನ ಒಳಗೆ ಅದರಾಚೆಯ ಜಾಗದಲ್ಲಿ ವರ್ಷಗಳ ಕಿಲುಬು ಕೂತಿರುತ್ತದೆ. ಏರ್ ತೆಗೆಯುವಾಗ ನೆಲ ಮುಟ್ಟುವಂತೆ ತುಳಿದರೆ ಬಕೆಟಿನ ಮೆದು ಅಂಚು ಆ ಒರಟಿನ ಮೇಲೆ ಉಜ್ಜಿ ಹರಿಯುತ್ತದೆ. ಆಮೇಲೆ "ಹೋಸ್ ಹಾಕಿಸಿದ್ದಕ್ಕೆ ಮಾಸ್ಟರ್ ಹೋಯಿತು" ಎಂಬ ದೂರು ಹುಟ್ಟುವುದು ಹೀಗೆ. ಪೆಡಲಿನ ಕೆಳಗೆ ಎರಡು ಬೆರಳು ದಪ್ಪದ ಮರದ ತುಂಡಿಟ್ಟು ತುಳಿಯಿರಿ. ಚಕ್ರಗಳ ಸರದಿ ನಿಮ್ಮ ಕಾರಿನ ಕೈಪಿಡಿ ಹೇಳಿದಂತೆ ಇರಲಿ. ಡಬ್ಬಿ ಬರಿದಾಗಲು ಬಿಡಬೇಡಿ, ಬಿಟ್ಟರೆ ಮೊದಲಿನಿಂದ ಶುರು.

ಹೊಸ ಹೋಸ್ ಹಾಕಿದ ಮೇಲೆ ಸ್ಟಿಯರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ಟೈರಿಗೆ ತಾಗುತ್ತದೆಯೇ, ತಿರುಚಿಕೊಂಡಿದೆಯೇ ನೋಡಿ. ಕ್ಯಾಲಿಪರಿನ ಬೋಲ್ಟಿನ ತಾಮ್ರದ ವಾಷರ್ ಎರಡೂ ಹೊಸದಿರಲಿ. ಹಳೆಯದು ಒಮ್ಮೆ ಅಪ್ಪಚ್ಚಿಯಾದದ್ದು, ಎರಡನೆಯ ಸಲ ಸರಿಯಾಗಿ ಕೂರುವುದಿಲ್ಲ. ಎಂಜಿನ್ ಓಡಿಸಿ ಒಂದು ನಿಮಿಷ ಪೆಡಲನ್ನು ಬಲವಾಗಿ ಒತ್ತಿಸಿ, ಅಷ್ಟರಲ್ಲಿ ಟಾರ್ಚ್ ಹಿಡಿದು ಪ್ರತಿ ಸಂದನ್ನೂ ನೋಡಿ. ಮೊದಲ ಓಟ ಅಂಗಳದಲ್ಲೇ ಆಗಲಿ, ಗೇಟಿನ ಹೊರಗೆ ಬೇಡ. ತೆಗೆದ ಆಯಿಲನ್ನು ಅಡಿಕೆ ಬುಡಕ್ಕೆ ಸುರಿಯಬೇಡಿ, ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬೇಡಿ, ಅದು ವಿಷ. ಬಾಡಿಯ ಮೇಲೆ ಚೆಲ್ಲಿದರೆ ಪೇಂಟ್ ಎಬ್ಬಿಸುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ.

ನಮ್ಮ ಕಾರಿನಲ್ಲಿ ಕೊನೆಗೆ ಹೊಸದಾದದ್ದು ನಾಲ್ಕು ಹೋಸು, ಒಂದು ಪೈಪು, ಹಿಂದಿನ ಎರಡು ಸಿಲಿಂಡರ್, ಶೂಗಳು, ಪೂರ್ತಿ ಆಯಿಲ್. ಪ್ಯಾಡಿನಲ್ಲಿ ಇನ್ನೂ 6 ಮಿಲಿಮೀಟರ್ ಇದೆ. ಡಿಸ್ಕ್, ಮಾಸ್ಟರ್, ಬೂಸ್ಟರ್ ಹಳೆಯವೇ. ಬೇಡದೆ ಹಾಕಿಸಿದ ಕ್ಯಾಲಿಪರ್ ಕೂಡ ಅಲ್ಲೇ ಇದೆ, ಕೆಲಸ ಮಾಡುತ್ತಿದೆ. ಬದಲಿಸಿದ ದಿನಾಂಕಗಳನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿದ್ದೇನೆ.

ಒಂದು ಬಾಕಿ ಇದೆ. ಹ್ಯಾಂಡ್ ಬ್ರೇಕಿನ ಬಲಗಡೆಯ ಕೇಬಲಿನ ಹೊರಕವಚ ಆಕ್ಸಿಲಿನ ಹತ್ತಿರ ಸೀಳಿದೆ. ಬೇಸಿಗೆಯಲ್ಲಿ ತೊಂದರೆಯಿಲ್ಲ, ಆದರೆ ನೀರು ಇಳಿದರೆ ಒಳಗಿನ ತಂತಿ ತುಕ್ಕು ಹಿಡಿದು ಬ್ರೇಕು ಬಿಡದೆ ಹಿಡಿದುಕೊಳ್ಳುತ್ತದೆ. ಪತ್ತನಾಜೆಯ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆ) ಮೊದಲು, ಮಳೆ ಹಿಡಿಯುವುದರೊಳಗೆ, ಅದನ್ನು ಬದಲಿಸಲು ಮುಳ್ಳೇರಿಯಕ್ಕೆ ಹೇಳಿಟ್ಟಿದ್ದೇನೆ.